ಮೈನವಿರು: ಒಂದು ಪದವಿಚಾರ

'ಮೈನವಿರೇಳು' ಎಂಬ ನುಡಿಗಟ್ಟಿನ 'ನವಿರು' ಶಬ್ದವನ್ನು ಇಂದಿನ ಓದುಗರು 'ನವಿರಾದ ಹಾಸ್ಯ'ದ ನವಿರೆಂದೇ, ಅಂದರೆ ಸೂಕ್ಷ್ಮ, ಮೃದು ಎಂಬರ್ಥದಲ್ಲಿಯೇ ಗ್ರಹಿಸುವುದುಂಟು. ಹಳಗನ್ನಡದಲ್ಲಿ 'ನವಿರ್' ಎಂದರೆ ಕೂದಲು; ಮೈಯ ಕೂದಲು ನಿಮಿರುವುದೇ ಮೈನವಿರೇಳುವುದು. ಬೇರೆಡೆ ಬಳಕೆ ತಪ್ಪಿದ ಅರ್ಥವು ಈ ನುಡಿಗಟ್ಟಿನಲ್ಲಿ ಉಳಿದುಬಂದಿದೆ.

ಸಂಸ್ಕೃತದ 'ರೋಮಾಂಚ'ವೂ ಇದೇ ಕ್ರಿಯೆಯನ್ನು ಸೂಚಿಸುತ್ತದೆ. ಭರತನ ನಾಟ್ಯಶಾಸ್ತ್ರವು ಅದನ್ನು 8 ಸಾತ್ವಿಕ ಭಾವಗಳಲ್ಲಿ ಸೇರಿಸಿ, ಹರ್ಷದೊಡನೆ ಭಯ, ಶೀತ, ಕ್ರೋಧಗಳನ್ನೂ ಕಾರಣವಾಗಿ ಹೇಳುತ್ತದೆ. ಶರೀರಶಾಸ್ತ್ರಕ್ಕೂ ಇದು ಸಮ್ಮತವೇ: ಚಳಿಯಾಗಲಿ ಅಂಜಿಕೆಯಾಗಲಿ, ಕೂದಲ ಬುಡದ ಕಿರುಸ್ನಾಯು ಸಂಕುಚಿಸುವ ಬಗೆ ಒಂದೇ. ಆದರೆ ಕ್ರೀಡಾವರದಿಗಳ 'ರೋಮಾಂಚಕ ಗೆಲುವು' ಈ ಹರವನ್ನು ಬರಿಯ ಉಲ್ಲಾಸಕ್ಕೆ ಇಳಿಸಿತು. ಅಲ್ಲಿ ರೋಮವು ಹೆಸರಿಗಷ್ಟೇ. ಭೀಕರ ದೃಶ್ಯವೊಂದನ್ನು ಕಂಡು 'ರೋಮಾಂಚನವಾಯಿತು' ಎಂದರೆ ಇಂದು ಅಪಾರ್ಥವಾದೀತು. 'ಮೈನವಿರೆದ್ದಿತು' ಎಂದರೆ ಆಗದು.