ಪರದೆಯ ನಗೆ, ಮನೆಯ ಹಿಂಸೆ

ಚಲನಚಿತ್ರವೊಂದರ ಗುಣದೋಷಗಳನ್ನು ವಿವೇಚಿಸುವಾಗ ಕಥೆ, ಅಭಿನಯಗಳನ್ನಷ್ಟೇ ಗಮನಿಸಿದರೆ ಸಾಲದು. ನೋಡಿದವರ ಪರಿಣಾಮಗಳು ಶುಭವಾದವೋ ಅಶುಭವಾದವೋ ಎಂಬುದನ್ನೂ ಅಹಿಂಸಾಧರ್ಮಿಗಳು ಕೇಳಬೇಕಾಗುತ್ತದೆ.

ಬಿ. ಎಸ್. ಲಿಂಗದೇವರು ನಿರ್ದೇಶಿಸಿ 2015ರಲ್ಲಿ ತೆರೆಕಂಡ ‘ನಾನು ಅವನಲ್ಲ... ಅವಳು’ ಈ ದೃಷ್ಟಿಯಿಂದ ವಿಚಾರಾರ್ಹವಾದ ಕೃತಿ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ ಇದರ ಆಧಾರ. ಮಾದೇಶನಾಗಿ ಹುಟ್ಟಿ ವಿದ್ಯಾ ಎನಿಸುವ ಜೀವದ ಪಾತ್ರಕ್ಕಾಗಿ ದಿವಂಗತ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಹೆಣ್ಣಿಗ ನಡೆಯ ಗಂಡನ್ನು ನಗೆಪಾಟಲು ಮಾಡುವುದನ್ನೇ ಹಾಸ್ಯವೆಂದುಕೊಂಡಿದ್ದ ಚಿತ್ರರಂಗದಲ್ಲಿ, ನಗದೆ ನೋಡುವ ಕಣ್ಣೊಂದನ್ನು ಈ ಚಿತ್ರ ಕೊಟ್ಟಿತು. ಅದರ ಹಿರಿಮೆ ಅಲ್ಲಿದೆ.

ಕೊರತೆಯೂ ಇಲ್ಲದಿಲ್ಲ. ಇಲ್ಲಿ ಹುಟ್ಟೂರಿನಿಂದ ಹೊರಬಿದ್ದ ಮೇಲೆಯೇ ಬದುಕು ತೆರೆದುಕೊಳ್ಳುತ್ತದೆ. ಶಿರ್ವದಂತಹ ಊರಿನಿಂದ ಮಣಿಪಾಲಕ್ಕೋ ಕಾರ್ಕಳಕ್ಕೋ ಬಸ್ಸು ಹಿಡಿದು ಕಾಲೇಜಿಗೆ ಹೋಗಿಬರುವ ತರುಣನೋ ತರುಣಿಯೋ ಇದನ್ನು ಮೊಬೈಲಿನಲ್ಲಿ ಒಬ್ಬಂಟಿಯಾಗಿ ನೋಡಿದರೆ, ಮನೆ ಬಿಡುವುದೊಂದೇ ದಾರಿಯೆಂದು ತಿಳಿದಾರು. ಮನೆಯಲ್ಲಿಯೇ ಉಳಿದು, ಓದಿ, ದುಡಿದು, ತಂದೆತಾಯಿಯರ ನೆರಳಿನಲ್ಲಿ ಬಾಳುವವರ ಚಿತ್ರ ಪರದೆಯ ಮೇಲೆ ವಿರಳ. ಸುದ್ದಿವಾಹಿನಿಗಳ ರೀತಿಯಂತೂ ಇನ್ನೂ ಕಠೋರ. 2011ರಲ್ಲಿ ಹೈದರಾಬಾದಿನ ತರುಣರ ಖಾಸಗಿ ಬದುಕನ್ನು ಬಯಲಿಗೆಳೆದ ತೆಲುಗು ವಾಹಿನಿಯೊಂದಕ್ಕೆ ಸುದ್ದಿಪ್ರಸಾರಕರ ಮಾನದಂಡ ಪ್ರಾಧಿಕಾರವು 1 ಲಕ್ಷ ರೂಪಾಯಿ ದಂಡ ವಿಧಿಸಿ, ಕ್ಷಮೆ ಯಾಚಿಸುವಂತೆ ಆದೇಶಿಸಿತು. ದಂಡ ಕಟ್ಟಿದರೆ ಹೋದ ಮಾನ ಮರಳೀತೆ?

ಸಲಿಂಗಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಇಂತಹವರ ಮನೋವ್ಯಥೆಗೆ ಅವರ ಸ್ವಭಾವ ಕಾರಣವಲ್ಲ, ಸಮಾಜದ ತಿರಸ್ಕಾರ ಮತ್ತು ಅದರ ಭಯ ಕಾರಣವೆಂದು ಇಲಾನ್ ಮೇಯರ್ ಎಂಬ ಸಂಶೋಧಕರು 2003ರಲ್ಲಿ ವಿಶದಪಡಿಸಿದರು. ಪರದೆಯ ಪರಿಹಾಸ್ಯಕ್ಕೆ ಮನೆಮಂದಿಯೆಲ್ಲ ನಕ್ಕಾಗ, ಪಕ್ಕದಲ್ಲಿ ಮೌನವಾಗಿ ಕುಳಿತ ಮಗುವಿಗೆ ತನ್ನ ಮನೆಯ ತೀರ್ಪು ತಿಳಿದುಹೋಗುತ್ತದೆ.

ಜಿನಾಗಮಕ್ಕೆ ಈ ವಿಷಯ ಹೊಸತಲ್ಲ. ದೇಹದ ಚಿಹ್ನೆಯಾದ ದ್ರವ್ಯವೇದ ಬೇರೆ, ಅಂತರಂಗದ ಭಾವವೇದ ಬೇರೆ. ಇವೆರಡೂ ಪ್ರಾಯಶಃ ಸಮವಾಗಿದ್ದರೂ ಕೆಲವೆಡೆ ವಿಷಮವಾಗಿರುತ್ತವೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದಲ್ಲಿಯೇ ಗೊಮ್ಮಟಸಾರದಲ್ಲಿ ಹೇಳಿದ್ದಾರೆ. ತತ್ತ್ವಾರ್ಥಸೂತ್ರವು ಒಂಬತ್ತು ನೋಕಷಾಯಗಳನ್ನು ಎಣಿಸುವಾಗ ಸ್ತ್ರೀವೇದ, ಪುಂವೇದ, ನಪುಂಸಕವೇದಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದೆ. ಅದೇ ಸಾಲಿನಲ್ಲಿ ಹಾಸ್ಯವೂ ಇದೆ, ಜುಗುಪ್ಸೆಯೂ ಇದೆ. ಹಾಗಾದರೆ ಮತ್ತೊಬ್ಬರ ವೇದವನ್ನು ಕಂಡು ನಗುವವನು, ಹೇಸುವವನು ತಾನೇನು ಬಂಧಮುಕ್ತನೆ? ಅವನದೂ ಮೋಹನೀಯ ಕರ್ಮದ ಉದಯವೇ. ದೀಕ್ಷೆಯ ಅರ್ಹತೆಗೆ ಶಾಸ್ತ್ರಗಳು ನಿಯಮಗಳನ್ನು ವಿಧಿಸಿರುವುದು ನಿಜ. ಶ್ರಾವಕನ ಮನೆಯಲ್ಲಿ ಮಗುವನ್ನು ಹೀಗಳೆಯಲು ಅದು ಅಪ್ಪಣೆಯಲ್ಲ. ಸಂಯಮದ ವ್ರತ ಎಲ್ಲರಿಗೂ ಸಮಾನ. ಅವಮಾನ ಕೆಲವರಿಗೆ ಮಾತ್ರ ಮೀಸಲಾಗಬಾರದು.

ಕಾಯದಿಂದ ಮಾತ್ರವಲ್ಲದೆ ವಚನದಿಂದಲೂ ಹಿಂಸೆ ಘಟಿಸುತ್ತದೆಂದು ಬಲ್ಲ ಸಮಾಜದ ಹೊಣೆ ದೊಡ್ಡದು. ಬಸದಿಗಳ ಆಡಳಿತ ಮಂಡಳಿಗಳು ಯುವಕರ ಸ್ವಾಧ್ಯಾಯಗೋಷ್ಠಿಗಳಲ್ಲಿ ಈ ಸೂತ್ರವನ್ನು ಚರ್ಚೆಗೆ ಇಡಬಹುದು. ವೇದಿಕೆಯ ಪ್ರಹಸನಗಳಲ್ಲಿ ಇಂತಹ ಅಣಕಕ್ಕೆ ಅವಕಾಶ ಕೊಡದಿರಬಹುದು. ಮನನೊಂದವರಿಗೆ 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೂ ನೆರವು ದೊರೆಯುತ್ತದೆಂಬುದನ್ನು ಸೂಚನಾಫಲಕದಲ್ಲಿ ಬರೆಸಬಹುದು. ತಂದೆತಾಯಿಯರಾದರೋ, ಪರದೆ ನಗಿಸಿದಾಗ ಒಂದು ಕ್ಷಣ ನಗದೆ ಇರಬಹುದು. ಆ ಒಂದು ಕ್ಷಣದ ಭಾಷಾಸಮಿತಿಯಿಂದ ಒಂದು ಜೀವ ಉಳಿದರೂ ಉಳಿಯಬಹುದು.