ಕುರ್ಚಿಯ ಕಾಲು ನೋಡಿ

ರೋಮ್ ಚಕ್ರವರ್ತಿ ಟಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ಬೆಳ್ಳಿಯ ದಿನಾರಿಯಸ್‌ಗಳನ್ನು ಸಾಲಾಗಿ ಇಟ್ಟರೆ ಬಹುಪಾಲು ಒಂದೇ ನಾಣ್ಯದಂತೆ ಕಾಣುತ್ತವೆ. ಒಂದು ಮುಖದಲ್ಲಿ ಎಲೆಗಳ ಮಾಲೆ ಧರಿಸಿದ ದೊರೆಯ ತಲೆ. ಇನ್ನೊಂದರಲ್ಲಿ ಕುರ್ಚಿಯ ಮೇಲೆ ಕುಳಿತ ಹೆಣ್ಣು. ಒಂದು ಕೈಯಲ್ಲಿ ದಂಡ, ಮತ್ತೊಂದರಲ್ಲಿ ಕೊಂಬೆ. ಆಕೆ ಅವನ ತಾಯಿ ಲಿವಿಯಾ ಎಂದು ಹಲವರು ಗುರುತಿಸುತ್ತಾರೆ. ಎಲ್ಲೂ ಇಸವಿಯಿಲ್ಲ. ಅಚ್ಚು ಹಾಕಿದ್ದು ಗಾಲ್ ಪ್ರಾಂತ್ಯದ ಲುಗ್ದುನಮ್‌ನಲ್ಲಿ, ಅಂದರೆ ಇಂದಿನ ಲಿಯಾನ್‌ನಲ್ಲಿ ಎನ್ನುತ್ತಾರೆ.

ಇವನ್ನು ಬೇರ್ಪಡಿಸುವ ಕಸುಬು ನನಗೆ ಅಚ್ಚುಮೆಚ್ಚು. ಕಣ್ಣು ದೊರೆಯ ಮುಖ ಬಿಟ್ಟು ಕುರ್ಚಿಗೆ ಇಳಿಯಬೇಕು. ಕಾಲುಗಳು ಸಾದಾ ಗೆರೆಗಳೇ, ಕಡೆದ ಕೆತ್ತನೆಯವೇ? ಕೆಳಗೆ ಒಂದು ಗೆರೆಯೇ, ಮೂರೇ? ಪಾದದಡಿ ಕಾಲ್ಮಣೆ ಉಂಟೇ? ಕೈಯಲ್ಲಿರುವುದು ರಾಜದಂಡವೋ, ತಲೆಕೆಳಗಾಗಿ ಹಿಡಿದ ಈಟಿಯೋ? ಫ್ರೆಂಚ್ ವಿದ್ವಾಂಸ ಝಾನ್-ಬಾಪ್ಟಿಸ್ಟ್ ಝಿಯಾರ್ ಇಂಥ ಸೂಕ್ಷ್ಮಗಳನ್ನೇ ಹಿಡಿದು ಇವನ್ನು ಗುಂಪುಗಳಾಗಿ ಜೋಡಿಸಿದರು. ಕೆತ್ತಿದ ಕಾಲಿನವು ಧಾರಾಳ, ಸಾದಾ ಕಾಲಿನವು ವಿರಳ. ನಾಲ್ಕು ಗ್ರಾಂ ಕೂಡ ತೂಗದ ಬೆಳ್ಳಿಯಲ್ಲಿ ಅಚ್ಚು ಕೆತ್ತಿದವನ ಕೈಚಳಕ ಇಷ್ಟು ಸ್ಪಷ್ಟವಾಗಿ ಉಳಿದಿದೆಯಲ್ಲ!

ಇವು ನಮ್ಮ ಮಣ್ಣಿಗೂ ಬಂದಿದ್ದವು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದಿನಾರಿಯಸ್‌ಗಳು ದೊರೆತಿವೆ. ಎರಡೂ ಕಡೆ ಟಿಬೇರಿಯಸ್‌ನವು ಇದ್ದವು. ಅವುಗಳ ಕುರ್ಚಿಗಳನ್ನೂ ಒಂದೊಂದಾಗಿ ಭೂತಗನ್ನಡಿಯಡಿ ನೋಡುವ ಆಸೆ ನನಗಿದೆ.