ಗುರುವಿನ ಪರಿವಾರ

ಸೌರಮಂಡಲದಲ್ಲಿ ನನಗೆ ಅತಿ ಪ್ರಿಯವಾದದ್ದು ಗುರುಗ್ರಹ. ಕಾಲೂರಲು ನೆಲವೇ ಇಲ್ಲದ, ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ ತುಂಬಿದ ಈ ದೈತ್ಯನನ್ನು 90ಕ್ಕೂ ಹೆಚ್ಚು ಉಪಗ್ರಹಗಳು ಸುತ್ತುತ್ತಿವೆ. ಅವುಗಳಲ್ಲಿ ದೊಡ್ಡವಾದ ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊಗಳನ್ನು 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ. ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ನಂಬಿಕೆಗೆ ಅದರಿಂದ ದೊಡ್ಡ ಪೆಟ್ಟು ಬಿತ್ತು.

ನನ್ನನ್ನು ಬೆರಗುಗೊಳಿಸುವುದು ಒಳಗಿನ ಮೂರರ ಲಯ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕಿರುತ್ತವೆ. ಒಂದೇ ಪಲ್ಲವಿಯನ್ನು ಮೂರು ಕಾಲಗಳಲ್ಲಿ ಹಾಡಿದಂತೆ. ಈ ಲಯ ಬರೀ ಅಲಂಕಾರವಲ್ಲ. ಅಯೋದ ಕಕ್ಷೆ ಪೂರ್ಣ ವೃತ್ತವಾಗಲು ಅದು ಬಿಡುವುದಿಲ್ಲ. ಹಾಗಾಗಿ ಗುರುವಿನ ಸೆಳೆತ ಹೆಚ್ಚುತ್ತಾ ತಗ್ಗುತ್ತಾ ಅಯೋದ ಒಡಲನ್ನು ಹಿಸುಕಿ ಕಾಯಿಸುತ್ತದೆ. ಅಲ್ಲಿ ನೂರಾರು ಜ್ವಾಲಾಮುಖಿಗಳಿವೆ. 1979ರಲ್ಲಿ ವಾಯೇಜರ್-1 ಕಳಿಸಿದ ಚಿತ್ರಗಳಲ್ಲಿ ಅವು ಉಗುಳುವುದನ್ನು ಮನುಷ್ಯ ಮೊದಲು ಕಂಡ. ಯುರೋಪಾದ ಹಿಮದ ಚಿಪ್ಪಿನಡಿ ಉಪ್ಪುನೀರಿನ ಕಡಲಿದೆ ಎನ್ನಲು ಬಲವಾದ ಪುರಾವೆಗಳಿವೆ. ಅದು ಹೆಪ್ಪುಗಟ್ಟದಂತೆ ಕಾಯುವುದರಲ್ಲೂ ಇದೇ ಹಿಸುಕುವಿಕೆಯ ಪಾಲಿದೆ. ಆ ಕಡಲು ಜೀವಕ್ಕೆ ತಕ್ಕುದೇ ಎಂದು ಅರಿಯಲು 2024ರಲ್ಲಿ ಯುರೋಪಾ ಕ್ಲಿಪ್ಪರ್ ನೌಕೆ ಹೊರಟಿದೆ.

ಒಳ್ಳೆಯ ಬೈನಾಕ್ಯುಲರ್ ಇದ್ದರೆ ಈ ನಾಲ್ಕನ್ನೂ ನೀವೇ ಕಾಣಬಹುದು. ಸಾಲಾಗಿ ಕೆಲವು ರಾತ್ರಿ ನೋಡಿ, ಅವುಗಳ ಜಾಗ ಗುರುತಿಟ್ಟುಕೊಳ್ಳಿ. ಗೆಲಿಲಿಯೋ ಮಾಡಿದ್ದೂ ಅಷ್ಟೇ. ಅಷ್ಟರಿಂದಲೇ ಜಗತ್ತಿನ ತಿಳಿವು ಬದಲಾಯಿತು.